ಸೂತಕನಿರಸನವೂ ಮಾತೃರಕ್ಷಣೆಯೂ

ಪರಶಿವನು ಇಷ್ಟಲಿಂಗರೂಪದಿಂದ ಅಂಗದ ಮೇಲೆ ನೆಲೆಗೊಂಡಿರುವಾಗ ಆ ಅಂಗವು ಮೈಲಿಗೆಯಾಗುವುದೆಂತು? ಹನ್ನೆರಡನೆಯ ಶತಮಾನದ ಶಿವಶರಣರ ಆಚಾರಕ್ಕೆ ಆಧಾರವಾದ ಈ ಪ್ರಶ್ನೆಯು ಮೇಲ್ನೋಟಕ್ಕೆ ಕೇವಲ ಮಡಿಮೈಲಿಗೆಯ ವಿಚಾರವಾಗಿ ಕಂಡರೂ, ಕನ್ನಡ ನಾಡಿನ ಸ್ತ್ರೀಯರ ಆರೋಗ್ಯ ಮತ್ತು ಮಾನಗಳ ಚರಿತ್ರೆಯಲ್ಲಿ ಬಹು ದೊಡ್ಡ ಸ್ಥಾನವನ್ನು ಪಡೆದಿರುವುದು.

ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಶರಣರು ನಿರಾಕರಿಸಿದರು. ಇವುಗಳಲ್ಲಿ ರಜಸ್ಸೂತಕ ಜನನಸೂತಕಗಳ ಭಾರವು ವಿಶೇಷವಾಗಿ ಸ್ತ್ರೀಯರ ಮೇಲೆಯೇ ಬೀಳುತ್ತಿದ್ದಿತು. ಮುಟ್ಟಾದವಳು ಮೂರು ದಿನ ಹೊರಗಿರಬೇಕು. ಹೆತ್ತವಳು ಗಾಳಿ ಬೆಳಕಿಲ್ಲದ ಮೂಲೆಯಲ್ಲಿ ಅಸ್ಪೃಶ್ಯಳಂತೆ ದಿನಗಳನ್ನೆಣಿಸಬೇಕು. ದೇಹಕ್ಕೆ ಆರೈಕೆಯು ಅತ್ಯಗತ್ಯವಾಗಿರುವ ವೇಳೆಯಲ್ಲಿಯೇ ಆರೈಕೆ ಮಾಡುವವರ ಕೈಗಳು ಹಿಂಜರಿಯುತ್ತಿದ್ದುವು. ಆದರೆ ಲಿಂಗವನ್ನು ಅಂಗದಿಂದ ಕ್ಷಣವೂ ಅಗಲಿಸಕೂಡದೆಂಬುದು ಶರಣಧರ್ಮದ ನಿಯಮವಾದುದರಿಂದ, ಲಿಂಗಾಂಗಿಯಾದ ಸ್ತ್ರೀಗೆ ಆ ದಿನಗಳಲ್ಲಿಯೂ ಪೂಜೆಯು ತಪ್ಪಲಿಲ್ಲ. ಪೂಜೆಗೆ ಅರ್ಹಳಾದವಳನ್ನು ಮನೆಯ ಹೊರಗಿರಿಸಲು ಕಾರಣವೂ ಉಳಿಯಲಿಲ್ಲ.

ಇದಕ್ಕಿಂತಲೂ ಗಹನವಾದುದು ಗರ್ಭಲಿಂಗಧಾರಣ ಸಂಸ್ಕಾರವು. ಗರ್ಭಿಣಿಯ ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗಾಗಿ ನಡೆಯುವ ಈ ಸಂಸ್ಕಾರವು, ಶಿಶುವು ಹೆಣ್ಣೋ ಗಂಡೋ ಎಂದು ವಿಚಾರಿಸುವುದಿಲ್ಲ. ಹುಟ್ಟಿದ ಬಳಿಕವೂ ಹೆಣ್ಣುಮಗುವಿಗೂ ಗಂಡುಮಗುವಿಗೂ ಒಂದೇ ಲಿಂಗವು ಕಟ್ಟಲ್ಪಡುವುದು.

ತತ್ತ್ವವು ಹೀಗಿದ್ದರೂ ಆಚರಣೆಯು ಸದಾ ಅದನ್ನು ಅನುಸರಿಸಲಿಲ್ಲ. ಕಾಲಾಂತರದಲ್ಲಿ ನೆರೆಹೊರೆಯ ರೂಢಿಗಳು ಭಕ್ತರ ಮನೆಗಳನ್ನೂ ಹೊಕ್ಕುವು. ಬಾಲ್ಯವಿವಾಹದಿಂದ ಎಳೆಯ ಬಾಲಿಕೆಯರು ತಾಯಂದಿರಾಗಿ ಪ್ರಾಣಸಂಕಟಕ್ಕೆ ಗುರಿಯಾದರು. ಆಗ ನಾಡಿನಲ್ಲಿ ಎಚ್ಚರವು ಬೇರೆ ದಾರಿಯಿಂದ ಮೂಡಿತು. 1894ರಲ್ಲಿ ಮೈಸೂರು ಸಂಸ್ಥಾನವು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ಶಾಸನದ ಮೂಲಕ ನಿಷೇಧಿಸಿತು. ಇಂದಿಗೆ ಇದು ಅತ್ಯಲ್ಪವೆಂದು ತೋರಿದರೂ, ಅಂದು ಇದಕ್ಕೂ ವಿರೋಧವಿದ್ದಿತು. ಬಾಲ್ಯದಲ್ಲಿಯೇ ವೈಧವ್ಯವನ್ನನುಭವಿಸಿದ ನಂಜನಗೂಡು ತಿರುಮಲಾಂಬಾ, ಆರ್. ಕಲ್ಯಾಣಮ್ಮ ಮೊದಲಾದ ಮಹಿಳೆಯರು ಲೇಖನಿ ಹಿಡಿದು, ಪತ್ರಿಕೆಗಳನ್ನು ನಡೆಸಿ, ಸ್ತ್ರೀಯರ ದುಃಖವನ್ನು ಸ್ತ್ರೀಯರ ಬಾಯಿಂದಲೇ ನಾಡಿಗೆ ಕೇಳಿಸಿದರು.

ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1930ನೆಯ ಇಸವಿ ಜೂನ್ ತಿಂಗಳಲ್ಲಿ ಸಂಸ್ಥಾನದ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಸರಕಾರವು ಅಪ್ಪಣೆ ಕೊಟ್ಟಿತು. ಸರಕಾರದ ವತಿಯಿಂದಲೇ ಏರ್ಪಟ್ಟ ಇಂತಹ ಚಿಕಿತ್ಸಾಲಯಗಳಲ್ಲಿ ಇವು ಜಗತ್ತಿನಲ್ಲಿಯೇ ಮೊದಲಿನವುಗಳೆಂದು ಎಣಿಸಲ್ಪಟ್ಟಿವೆ. ಮೇಲಿಂದಮೇಲೆ ಹೆತ್ತು ಕೃಶಳಾದ ತಾಯಿಗೆ ವಿಶ್ರಾಂತಿಯು ದೊರೆಯಲೆಂಬ ಈ ವಿಚಾರವನ್ನು ಎಲ್ಲರೂ ಒಪ್ಪಲಿಲ್ಲ. ಸಂಯಮವೊಂದೇ ಮಾರ್ಗವೆಂದು ಮಹಾತ್ಮಾ ಗಾಂಧಿಯವರು 1935ರ ಡಿಸೆಂಬರಿನಲ್ಲಿ ವಾರ್ಧಾಕ್ಕೆ ಬಂದಿದ್ದ ಮಾರ್ಗರೆಟ್ ಸ್ಯಾಂಗರರೊಡನೆ ವಾದಿಸಿದರು. ಹೆರುವವಳ ಅಭಿಪ್ರಾಯವನ್ನೂ ಕೇಳಬೇಕೆಂಬ ಮಾತು ಮಾತ್ರ ಅಲ್ಲಿಂದೀಚೆಗೆ ಅಡಗಲಿಲ್ಲ. 1933ರಲ್ಲಿ ಮೈಸೂರಿನ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವು ಅವರಿಗೆ ಆಸ್ತಿಯಲ್ಲಿ ಹಕ್ಕುಗಳನ್ನು ಕೊಟ್ಟಿತು. 1935ರಲ್ಲಿ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆಯು ತೆರೆಯಲ್ಪಟ್ಟಿತು. ಕೈಯಲ್ಲಿ ಕಾಸಿಲ್ಲದವಳಿಗೆ ತನ್ನ ಚಿಕಿತ್ಸೆಯ ವಿಷಯದಲ್ಲಿ ಮಾತೂ ಇಲ್ಲವಾದುದರಿಂದ, ಈ ಎರಡನ್ನೂ ಒಂದೇ ಕಾರ್ಯದ ಎರಡು ಅಂಗಗಳೆಂದು ತಿಳಿಯತಕ್ಕದ್ದು.

ಈ ಪರಿಶ್ರಮವು ಫಲಿಸದೆ ಹೋಗಲಿಲ್ಲ. ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ 2001-03ರಲ್ಲಿ 228ರಷ್ಟಿದ್ದ ತಾಯಂದಿರ ಮರಣವು 2018-20ರ ವೇಳೆಗೆ 69ಕ್ಕೆ ಇಳಿಯಿತು. ಆದರೆ ಇನ್ನೊಂದು ಲೆಕ್ಕವು ತಲೆ ತಗ್ಗಿಸುವಂತಹುದು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರ ಜನಗಣತಿಯಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ 946, 2011ರಲ್ಲಿ 948. ಗರ್ಭದ ಶಿಶುವು ಹೆಣ್ಣೋ ಗಂಡೋ ಎಂದು ಪತ್ತೆಮಾಡುವುದನ್ನೂ ತಿಳಿಸುವುದನ್ನೂ 1994ರ ಶಾಸನವು ಅಪರಾಧವೆಂದು ಸಾರಿದ ಮೇಲೆಯೂ ಸ್ಥಿತಿಯು ಹೀಗಿರುವುದು. ಯಾವ ಗರ್ಭಕ್ಕೆ ಲಿಂಗವು ಭೇದವೆಣಿಸದೆ ಅನುಗ್ರಹಿಸುವುದೋ ಆ ಗರ್ಭವನ್ನೇ ಯಂತ್ರದಿಂದ ಶೋಧಿಸಿ ಹೆಣ್ಣೆಂದು ತೊರೆಯುವುದು ಗುರುದ್ರೋಹವಲ್ಲದೆ ಮತ್ತೇನು?

ಆದಕಾರಣ ಮಠದ ಭಕ್ತರು ಪಂಚಸೂತಕನಿರಸನವನ್ನು ಗ್ರಂಥಗಳಲ್ಲಿ ಮಾತ್ರ ಪೂಜಿಸಿ ತೃಪ್ತರಾಗಬಾರದು. ಮುಟ್ಟಾದ ಮಗಳು ಮನೆಯೊಳಗೆ ನಿಃಸಂಕೋಚವಾಗಿ ಲಿಂಗಪೂಜೆಯನ್ನು ಮಾಡಲಿ. ಗರ್ಭಿಣಿಯಾದ ಸೊಸೆಗೆ ಕಾಲಕಾಲಕ್ಕೆ ವೈದ್ಯರ ದರ್ಶನವು ಲಭಿಸಲಿ. ಇನ್ನೊಂದು ಮಗು ಬೇಕೋ ಬೇಡವೋ ಎಂಬಲ್ಲಿ ಅವಳ ಮಾತೇ ಮೊದಲಾಗಲಿ. ಹೆಣ್ಣುಮಗುವಿನ ಲಿಂಗಧಾರಣೆಯು ಗಂಡುಮಗುವಿನದರಷ್ಟೇ ಸಂಭ್ರಮದಿಂದ ನಡೆಯಲಿ. ಮಠದ ಉತ್ಸವಕ್ಕೆ ಭಕ್ತರು ಸಲ್ಲಿಸಬಹುದಾದ ನಿಜವಾದ ಕಾಣಿಕೆಯು ಇದೇ ಆಗಿರುವುದು. ಗುರುಕೃಪೆಯಿಂದ ನಾಡಿನ ತಾಯಂದಿರೆಲ್ಲರೂ ಆಯುರಾರೋಗ್ಯವಂತರಾಗಲಿ.