ಗಾಳಿಗೆ ಹೋದ ಯೂರಿಯಾ (ಭಾಗ 3)

ಪಿಯುಸಿ ಕೆಮಿಸ್ಟ್ರಿಲಿ ಓದಿದ ಕೆಲ್ಡಾಲ್ ವಿಧಾನ ನೆನಪಿದ್ಯಾ? 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ (ಹೌದು, ಬಿಯರ್ ಕಂಪನಿಯದ್ದೇ!) ಯೋಹಾನ್ ಕೆಲ್ಡಾಲ್ ಕಂಡುಹಿಡಿದದ್ದು. ಸಾರಜನಕವನ್ನು ಅಮೋನಿಯಾ ಮಾಡು, ಆಮ್ಲದಲ್ಲಿ ಹಿಡಿ, ಲೆಕ್ಕ ಹಾಕು.

ಗದ್ದೆಗೆ ಎರಚಿದ ಯೂರಿಯಾದಲ್ಲಿ ಎಷ್ಟು ಗಾಳಿಗೆ ಹೋಗುತ್ತೆ ಅಂತ ನೋಡೋಕೂ ಆಮ್ಲವೇ ಆಧಾರ. ಗೊಬ್ಬರ ಹಾಕಿದ ಜಾಗದ ಮೇಲೆ ಡಬ್ಬಿ ಬೋರಲು ಹಾಕಿ, ಎದ್ದ ಅಮೋನಿಯಾವನ್ನು ಆಮ್ಲಕ್ಕೆ ಹೀರಿಸಿ ಅಳೆಯುತ್ತಿದ್ದರು. ಆದರೆ ನೀರಿನ ಮೇಲಿಂದ ಅಮೋನಿಯಾವನ್ನು ಹೊತ್ತೊಯ್ಯೋದೇ ಗಾಳಿ. ಡಬ್ಬಿ ಮುಚ್ಚಿದರೆ ಗಾಳಿ ಎಲ್ಲಿ? ಎಷ್ಟೋ ಸಲ ನಷ್ಟ ನಿಜಕ್ಕಿಂತ ಕಡಿಮೆ ಕಾಣ್ತಿತ್ತು.

1980ರ ದಶಕದಲ್ಲಿ ಆಸ್ಟ್ರೇಲಿಯಾದ ಡೆನ್ಮೀಡ್, ಫ್ರೆನಿ ಮತ್ತು ಸಂಗಡಿಗರು ಫಿಲಿಪ್ಪೀನ್ಸ್‌ನ ಭತ್ತದ ಗದ್ದೆಗಳಲ್ಲಿ ಡಬ್ಬಿ ಬಿಟ್ಟು ಬಯಲಲ್ಲೇ ಅಳೆದರು. ಗದ್ದೆ ನಡುವೆ ಕಂಬ ನೆಟ್ಟು, ಬೇರೆ ಬೇರೆ ಎತ್ತರದಲ್ಲಿ ಗಾಳಿಯ ವೇಗ, ಅದರಲ್ಲಿನ ಅಮೋನಿಯಾ ಎರಡನ್ನೂ ನೋಡಿದರು. 1985ರಲ್ಲಿ ಇದೇ ತಂಡದ ಲ್ಯೂನಿಂಗ್ ಮತ್ತಿತರರು ಒಂದು ಸಾಧನ ಮಾಡಿದರು. ಮೀನಿನಂಥ ಬಾಲ, ಗಾಳಿ ಬಂದ ಕಡೆ ತಾನೇ ತಿರುಗುತ್ತೆ, ಒಳಗೆ ಆಕ್ಸಾಲಿಕ್ ಆಮ್ಲದ ಲೇಪ. ಕರೆಂಟೇ ಬೇಡ! ನನಗಂತೂ ಈ ಕಥೆಯಲ್ಲಿ ಇದೇ ಹೀರೋ.

ಸಿಕ್ಕ ಲೆಕ್ಕ ಮಾತ್ರ ಹೊಟ್ಟೆ ಉರಿಸುವಂಥದ್ದು. ನಾಟಿ ಆದ ಮೇಲೆ ನಿಂತ ನೀರಿಗೆ ಎರಚಿದ ಯೂರಿಯಾದ ಸಾರಜನಕ ಕೆಲವು ಕಡೆ ಹತ್ತಿರ ಹತ್ತಿರ ಅರ್ಧದಷ್ಟು ಹಾರಿಹೋಗಿತ್ತು, ಅಂದ್ರೆ ರೈತನ ದುಡ್ಡೂ. ಮಧ್ಯಾಹ್ನ ಜಾಸ್ತಿ, ಯಾಕಂದ್ರೆ ಬಿಸಿಲಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡ್ ಎಳ್ಕೊಂಡು ನೀರನ್ನು ಕ್ಷಾರ ಮಾಡುತ್ತೆ. ನಾಟಿಗೆ ಮೊದಲೇ ಯೂರಿಯಾವನ್ನು ಕೆಸರಿಗೆ ಬೆರೆಸಿದ ಕಡೆ ನಷ್ಟ ಕಡಿಮೆ ಇತ್ತು.