ಗ್ಯಾರಂಟಿ ಅಂದವರು ಯಾರು?

ಜುಲೈ ಬಂತೆಂದರೆ ತೆಕ್ಕಲಕೋಟೆಯ ಚಹಾದಂಗಡಿಗಳಲ್ಲಿ ಇದೇ ಮಾತು. ‘ಈ ಸಲ ಕಾಲುವಿಗೆ ನೀರು ಗ್ಯಾರಂಟಿ ಏನಪಾ?’ ‘ಡ್ಯಾಮು ತುಂಬಾಕ ಹತ್ತೈತಿ, ಗ್ಯಾರಂಟಿ ಬಿಡ್ತಾರ ತಗೋ.’ ಕೇಳಿದವನಿಗೆ ಬೇಕಾದದ್ದು ಭರವಸೆ, ಹೇಳಿದವನು ಕೊಟ್ಟದ್ದು ಅಂದಾಜು. ಇಬ್ಬರೂ ಆಡಿದ್ದು ಮಾತ್ರ ಒಂದೇ ಪದ.

ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದವಿದು. ವಾರಂಟು, ವಾರಂಟಿ ಇದರ ಒಡಹುಟ್ಟುಗಳು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಗ್ಯಾರಂಟಿ ಎಂದರೆ ಮೂವರಿರಬೇಕು: ಸಾಲ ಕೊಟ್ಟವರು, ಪಡೆದವರು, ಹೊಣೆ ನಿಂತವರು. ಪಡೆದವರು ತೀರಿಸದಿದ್ದರೆ ಹೊಣೆ ನಿಂತವರೇ ತೀರಿಸಬೇಕು. ನಮ್ಮ ಆಡುಮಾತಿಗೆ ಬರುವಷ್ಟರಲ್ಲಿ ಈ ಮೂರನೆಯವರೇ ಕಾಣೆಯಾದರು. ‘ಗ್ಯಾರಂಟಿ ಬರ್ತಾನ’, ‘ಫೇಲ್ ಗ್ಯಾರಂಟಿ’ ಎನ್ನುವಾಗ ಯಾರೂ ಯಾವುದಕ್ಕೂ ಹೊಣೆಯಲ್ಲ.

ಹೊಣೆಗೆ ನಮ್ಮ ಜನ ಬೇರೆ ಪದ ಇಟ್ಟುಕೊಂಡಿದ್ದಾರೆ: ಶೂರಿಟಿ. ಅದರ ಭಾರವೇ ಬೇರೆ. ಸೊಸೈಟಿ ಸಾಲದ ಅರ್ಜಿ ಹಿಡಿದು ‘ಅಣ್ಣಾ, ಒಂದು ಶೂರಿಟಿ ಸೈನ್ ಹಾಕು’ ಅಂದು ನೋಡಿ. ಅಲ್ಲಿಯತನಕ ‘ಸಾಲ ಗ್ಯಾರಂಟಿ ಸಿಗ್ತೈತಿ’ ಅಂದವರೇ ಪೆನ್ನು ಕೈಯಲ್ಲಿ ಹಿಡಿದು ಪಹಣಿ ತಿರುವಿ ಹಾಕುತ್ತಾರೆ, ಹಳೇ ಬಾಕಿ ವಿಚಾರಿಸುತ್ತಾರೆ, ‘ಮನ್ಯಾಗ ಒಂದು ಮಾತು ಕೇಳ್ತೀನಿ’ ಅನ್ನುತ್ತಾರೆ. ಅವರನ್ನು ಹಳಿಯಬೇಕಿಲ್ಲ. ಸೈನಿನ ಬೆಲೆ ಗೊತ್ತಿದ್ದವರು ತಡೆದೇ ಹಾಕುತ್ತಾರೆ.

2023ರ ಚುನಾವಣೆಯಲ್ಲಿ ಐದು ಗ್ಯಾರಂಟಿಗಳು ಬಂದ ಮೇಲೆ ಪದಕ್ಕೆ ಇನ್ನೊಂದು ಅರ್ಥ ಸೇರಿತು. ಅವುಗಳಲ್ಲೊಂದಾದ ಗೃಹಲಕ್ಷ್ಮಿಯ 2000 ರೂಪಾಯಿಯನ್ನು ಹೆಣ್ಣುಮಕ್ಕಳು ‘ಗ್ಯಾರಂಟಿ ರೊಕ್ಕ’ ಎನ್ನುತ್ತಾರೆ. ‘ಯಕ್ಕಾ, ಗ್ಯಾರಂಟಿ ಬಂತೇನು?’ ಎಂದು ಕೇಳುವಾಗ ಕೊಟ್ಟ ಮಾತಿನ ಹೆಸರೇ ಕೈಗೆ ಬರುವ ದುಡ್ಡಿನ ಹೆಸರಾಗಿದೆ. ನನಗೆ ಇದು ಒಳ್ಳೆಯ ಬೆಳವಣಿಗೆಯೆಂದೇ ಕಾಣುತ್ತದೆ. ಕಂತು ತಡವಾದರೆ ಯಾರನ್ನು ಕೇಳಬೇಕೆಂದು ಅವರಿಗೆ ಗೊತ್ತು. ಉದ್ಯೋಗ ಖಾತ್ರಿಯ 2005ರ ಕಾಯ್ದೆಯಲ್ಲೂ ಇದೇ ಬಲವಿತ್ತು: ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ.

ನಮ್ಮ ಕಾಲುವೆಗೆ ನೀರು ಬಿಡುವ ತುಂಗಭದ್ರಾ ಡ್ಯಾಮಿನ ಗೇಟುಗಳ ಬಗ್ಗೆ ಮಾತ್ರ ನಾವು ಯಾರನ್ನೂ ಕೇಳಿರಲಿಲ್ಲ. ಇರುವ 33ರಲ್ಲಿ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಡ್ಯಾಮಿನ ನೀರು ಕಣ್ಣೆದುರೇ ಹೊಳೆಪಾಲಾಯಿತು. ಗದ್ದೆಯಲ್ಲಿ ಭತ್ತ, ಮೇಲೆ ಸಾಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಯಾಗಿ ಸ್ಟಾಪ್‌ಲಾಗ್ ಕೂರಿಸಿ ಒಂದೇ ವಾರದಲ್ಲಿ ನೀರು ನಿಲ್ಲಿಸಿದರು. ಹೊಣೆ ಹೊರುವುದೆಂದರೆ ಅದು.

ಇನ್ನು ಮೇಲೆ ಅಂಗಡಿಯವರು ಭತ್ತದ ಬೀಜ ಕೊಟ್ಟು ‘ಮೊಳಕಿ ಗ್ಯಾರಂಟಿ’ ಅಂದಾಗ ಬರೇ ತಲೆಯಾಡಿಸಿ ಬರಬೇಡಿ. ಪ್ರಮಾಣಿತ ಬೀಜವಾದರೆ ನೂರಕ್ಕೆ ಕನಿಷ್ಠ 80 ಮೊಳೆಯಲೇಬೇಕೆಂಬ ನಿಯಮವಿದೆ. ಬಿಲ್ಲಿನಲ್ಲಿ ಲಾಟ್ ನಂಬರ್ ಬರೆಸಿ, ಚೀಲದ ಟ್ಯಾಗು ಬಿಸಾಡದೆ ಸುಗ್ಗಿ ಮುಗಿಯುವತನಕ ಇಟ್ಟುಕೊಳ್ಳಿ.