ಕೃತಕ ಶ್ವಾಸಮಾರ್ಗದ ಸಕ್ಷನ್: ಅಗತ್ಯವನ್ನು ನಿರ್ಧರಿಸುವ ಬಗೆ

ಶ್ವಾಸನಾಳಕ್ಕೆ ಟ್ಯೂಬ್ ಹಾಕಿಸಿಕೊಂಡ ರೋಗಿ ಸರಿಯಾಗಿ ಕೆಮ್ಮಲಾರ. ಕಫವನ್ನು ಕ್ಯಾಥೆಟರಿನಿಂದ ಎಳೆದು ತೆಗೆಯಲೇಬೇಕು. ಇದರಲ್ಲಿ ತಕರಾರಿಲ್ಲ. ತಕರಾರಿರುವುದು ಯಾವಾಗ ತೆಗೆಯಬೇಕು ಎಂಬಲ್ಲಿ. ಎರಡು ಗಂಟೆಗೊಮ್ಮೆ ಸಕ್ಷನ್ ಎಂದು ಚಾರ್ಟ್‌ನಲ್ಲಿ ಬರೆದಿಡುವ ರೂಢಿ ಮೇಲ್ನೋಟಕ್ಕೆ ಎಚ್ಚರಿಕೆಯಂತೆ ಕಂಡರೂ ರೋಗಿಯ ಮೇಲೆ ಬೇಡದ ಅಪಾಯವನ್ನು ಹೊತ್ತುಹೊತ್ತಿಗೆ ಹೇರುತ್ತದೆ ಎಂಬುದು ಇಲ್ಲಿನ ವಾದ. ಕ್ಯಾಥೆಟರ್ ಕಫದ ಜತೆಗೆ ಶ್ವಾಸಕೋಶದ ಗಾಳಿಯನ್ನೂ ಎಳೆಯುತ್ತದೆ. ಟ್ಯೂಬನ್ನು ವೆಂಟಿಲೇಟರಿನಿಂದ ಬಿಡಿಸಿ ಮಾಡುವ ತೆರೆದ ಸಕ್ಷನ್‌ನಲ್ಲಿ ಆ ಖಾಲಿಯನ್ನು ತುಂಬಲು ಹೊರಗಾಳಿಗೆ ಸಿಗುವ ದಾರಿ ಟ್ಯೂಬಿಗೂ ಕ್ಯಾಥೆಟರಿಗೂ ನಡುವಿನ ಸಂದು ಮಾತ್ರ. 8 ಮಿ.ಮೀ. ಒಳವ್ಯಾಸದ ಟ್ಯೂಬಿಗೆ 12 ಫ್ರೆಂಚ್, ಅಂದರೆ 4 ಮಿ.ಮೀ. ದಪ್ಪದ ಕ್ಯಾಥೆಟರ್ ಇಳಿಸಿದರೆ ವಿಸ್ತೀರ್ಣದ ಮುಕ್ಕಾಲು ಪಾಲು ತೆರೆದಿರುತ್ತದೆ. ಅದನ್ನೇ 6 ಮಿ.ಮೀ. ಟ್ಯೂಬಿಗೆ ಇಳಿಸಿದರೆ ಉಳಿಯುವುದು ಶೇ. 56ರಷ್ಟು; ಸುತ್ತಲಿನ ಸಂದು 2 ಮಿ.ಮೀ.ಯಿಂದ 1ಕ್ಕೆ ಇಳಿದು, ಗಾಳಿಗೆ ಎದುರಾಗುವ ತಡೆ ಈ ಲೆಕ್ಕ ಸೂಚಿಸುವುದಕ್ಕಿಂತ ಎಷ್ಟೋ ಹೆಚ್ಚುತ್ತದೆ. ಒಳಗಿನ ಒತ್ತಡ ಕುಸಿಯುತ್ತದೆ, ಗಾಳಿಚೀಲಗಳು ಮುದುಡುತ್ತವೆ, ರಕ್ತದ ಆಮ್ಲಜನಕ ಇಳಿಯುತ್ತದೆ. ಲೋಳೆಪೊರೆಗೆ ಆಗುವ ಗಾಯ, ವೇಗಸ್ ನರ ಕೆರಳಿ ನಾಡಿ ನಿಧಾನವಾಗುವುದು ಬೇರೆ. ಅಮೆರಿಕನ್ ಅಸೋಸಿಯೇಷನ್ ಫಾರ್ ರೆಸ್ಪಿರೇಟರಿ ಕೇರ್‌ನ 2010ರ ಮಾರ್ಗಸೂಚಿ ವಯಸ್ಕರಲ್ಲಿ ಕ್ಯಾಥೆಟರ್ ಟ್ಯೂಬಿನ ಒಳದಾರಿಯ ಅರ್ಧಕ್ಕಿಂತ ಕಡಿಮೆಯಿರಬೇಕು, ಒಂದು ಸಲದ ಸಕ್ಷನ್ 15 ಸೆಕೆಂಡು ಮೀರಬಾರದು ಎನ್ನುತ್ತದೆ. ಈ ಮಿತಿಗಳು ಹಾನಿಯನ್ನು ತಗ್ಗಿಸುತ್ತವೆಯೇ ಹೊರತು ಇಲ್ಲವಾಗಿಸುವುದಿಲ್ಲ. ಕಫವೇ ಇಲ್ಲದಾಗ ರೋಗಿಯ ಪಾಲಿಗೆ ಉಳಿಯುವುದು ಹಾನಿಯೊಂದೇ.

ಅಗತ್ಯವನ್ನು ಗುರುತಿಸುವುದು ಊಹೆಯ ಮಾತಲ್ಲ. ಕಫ ಕಟ್ಟಿದಾಗ ವೆಂಟಿಲೇಟರ್ ಪರದೆಯಲ್ಲಿ ಗಾಳಿಹರಿವಿನ ಗೆರೆ ಗರಗಸದ ಹಲ್ಲಿನಂತಾಗುತ್ತದೆ. ಸ್ಟೆತಾಸ್ಕೋಪ್ ಇಟ್ಟರೆ ಶ್ವಾಸನಾಳದ ಮೇಲೆ ಗೊರಗೊರ ಸದ್ದು ಕೇಳುತ್ತದೆ. ಆದರೆ ವೆಂಟಿಲೇಟರಿನ ಕೊಳವೆಯಲ್ಲಿ ನಿಂತ ನೀರೂ ಅದೇ ಗರಗಸವನ್ನು ಮೂಡಿಸಬಲ್ಲದು, ಹಾಗಾಗಿ ಮೊದಲು ನೀರು ಬಸಿದು ಮತ್ತೆ ಪರದೆ ನೋಡುವುದು ಜಾಣತನ.

ಒಬ್ಬ ನರ್ಸ್ ಹಲವು ರೋಗಿಗಳನ್ನು ನೋಡಿಕೊಳ್ಳುವ ಐಸಿಯುನಲ್ಲಿ ಗಡಿಯಾರವಿಲ್ಲದಿದ್ದರೆ ಟ್ಯೂಬ್ ಕಟ್ಟಿಕೊಂಡೀತು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಹಾಗಿದ್ದರೆ ವೇಳಾಪಟ್ಟಿಗೆ ಕಟ್ಟಬೇಕಾದದ್ದು ಪರೀಕ್ಷೆಯನ್ನು, ಸಕ್ಷನ್ನನ್ನಲ್ಲ. ಕಫ ಸಡಿಲಿಸಲೆಂದು ಟ್ಯೂಬಿಗೆ ಹಾಕುವ ಸಲೈನ್, ಅಂದರೆ ಉಪ್ಪುನೀರಿನ ವಿಷಯ ಇಷ್ಟು ಸರಳವಲ್ಲ. ಸಕ್ಷನ್‌ಗೆ ಮುನ್ನ ಅದನ್ನು ರೂಢಿಯಾಗಿ ಸುರಿಯಬಾರದೆಂದು ಮಾರ್ಗಸೂಚಿ ಹೇಳಿದರೂ, 262 ರೋಗಿಗಳ ಮೇಲೆ ಬ್ರೆಜಿಲ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಲೈನ್ ಹಾಕಿದವರಲ್ಲಿ ಪ್ರಯೋಗಾಲಯದಲ್ಲಿ ದೃಢಪಟ್ಟ ವೆಂಟಿಲೇಟರ್ ನ್ಯುಮೋನಿಯಾ ಕಡಿಮೆಯಿತ್ತು. ಇದು ಅಂಟುಕಫದ ರೋಗಿಯಲ್ಲಿ ಸಲೈನ್ ಬಗ್ಗೆ ಯೋಚಿಸಲು ಕಾರಣವಾದೀತು, ಎಲ್ಲರಿಗೂ ಸುರಿಯಲು ಸಾಲದು. ನವಜಾತ ಶಿಶುಗಳಲ್ಲಿ ಮಾತ್ರ ನನ್ನ ವಾದವನ್ನು ತುಸು ಸಡಿಲಿಸಬೇಕು: 3 ಮಿ.ಮೀ. ಟ್ಯೂಬನ್ನು ಮುಚ್ಚಲು ಚೂರು ಕಫ ಸಾಕು, ಆದ್ದರಿಂದ ಅಲ್ಲಿ ಪರೀಕ್ಷೆಯ ಅಂತರ ಬಹಳ ಕಿರಿದಾಗಿರಬೇಕು.